ಕೋಡಿ ಬಿದ್ದ ಮೇಲೆ ಉದ್ರಿ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಎರಡು ತಿರುವು ಒಳಗೆ ನನ್ನದೊಂದು ಪೈಪು, ಮೋಟಾರು ಮತ್ತು ಫಿಟಿಂಗ್ಸ್ ಅಂಗಡಿಯಿದೆ. ತಂದೆಯವರು ಶುರುಮಾಡಿದ್ದು, ಗಲ್ಲಾಪೆಟ್ಟಿಗೆಯ ಮುಂದೆ ನಾನು ಕೂತು ಇಪ್ಪತ್ತು ವರ್ಷ ದಾಟಿತು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ರೈತರು. ಭದ್ರಾ ನಾಲೆಯ ನೀರು ಕಾಣುವ ಹರಿಹರದ ಕಡೆಯವರಿಗಿಂತ, ಬೋರ್‌ವೆಲ್ಲನ್ನೇ ನಂಬಿ ಕೂತಿರುವ ಜಗಳೂರಿನ ಕಡೆಯವರು, ಅಡಿಕೆ ತೋಟ ಉಳಿಸಿಕೊಳ್ಳಲು ಒದ್ದಾಡುವ ಚನ್ನಗಿರಿ, ಹೊಳಲ್ಕೆರೆಯ ಕಡೆಯವರು ನನ್ನ ಅಂಗಡಿಗೆ ಹೆಚ್ಚು ಬರುತ್ತಾರೆ. ವ್ಯಾಪಾರ ಬೆಳೆಸುವುದು ಹೇಗೆಂದು ಹೇಳಿಕೊಡುವ ಶಿಬಿರಗಳಿಗೆ ನಾನೂ ಹಣ ಕಟ್ಟಿ ಹೋಗಿ ಕೂತಿದ್ದೇನೆ, ಅಲ್ಲಿ ಕೊಟ್ಟ ದಪ್ಪ ಫೈಲುಗಳು ಇನ್ನೂ ಅಟ್ಟದ ಮೇಲಿವೆ. ಆದರೆ ಅಂಗಡಿ ಮುಳುಗುವ ಹಂತಕ್ಕೆ ಬಂದಾಗ ಅದನ್ನು ದಡಕ್ಕೆ ತಂದ ಲೆಕ್ಕ ನನಗೆ ಸಿಕ್ಕಿದ್ದು ಚಿತ್ರದುರ್ಗದ ಕೋಟೆಯ ಹೊಂಡಗಳ ಹತ್ತಿರ.

ಮುಳುಗಿದ್ದು ಹೇಗೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಅದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷವದು. ಬರ ಬಂದರೆ ರೈತರನ್ನೇ ನಂಬಿದ ಅಂಗಡಿಯಲ್ಲಿ ನೊಣ ಹೊಡೆಯಬೇಕಾಗುತ್ತದೆ ಎಂದುಕೊಳ್ಳುವುದು ಸಹಜ. ನನ್ನ ಅಂಗಡಿಯಲ್ಲಿ ಆದದ್ದು ಅದರ ತಿರುವುಮುರುವು. ನೀರು ಕೆಳಗಿಳಿದಷ್ಟೂ ಮೋಟಾರನ್ನು ಕೆಳಗಿಳಿಸಬೇಕು. ಇಳಿಸಬೇಕೆಂದರೆ ಇನ್ನಷ್ಟು ಪೈಪು ಬೇಕು, ಇನ್ನಷ್ಟು ಕೇಬಲ್ ಬೇಕು. ಅಷ್ಟು ಆಳದಿಂದ ಎತ್ತುವ ಶಕ್ತಿ ಹಳೆಯ ಮೋಟಾರಿಗೆ ಇಲ್ಲದಿದ್ದರೆ ಹೆಚ್ಚಿನ ಎಚ್.ಪಿ.ಯ ಹೊಸ ಮೋಟಾರೇ ಬೇಕು. ಆ ಬೋರು ಪೂರ್ತಿ ಬತ್ತಿದರೆ ಪಕ್ಕದಲ್ಲಿ ಇನ್ನೊಂದು ಕೊರೆಸುತ್ತಾರೆ, ಅದಕ್ಕೆ ಮತ್ತೆ ಎಲ್ಲವೂ ಹೊಸದು. ಆ ವರ್ಷ ನನ್ನ ಬಿಲ್ ಪುಸ್ತಕಗಳು ಎಂದಿಗಿಂತ ಬೇಗ ಮುಗಿದವು. ಕೆಲಸದ ಹುಡುಗರು ಊಟಕ್ಕೂ ಬಿಡುವಿಲ್ಲದೆ ಟೆಂಪೋಗಳಿಗೆ ಪೈಪು ತುಂಬಿದರು. ನಾನು, ಮೂರ್ಖನ ಹಾಗೆ, ವ್ಯಾಪಾರ ಬೆಳೆಯಿತೆಂದು ಹಿಗ್ಗಿದೆ.

ಬೆಳೆದದ್ದು ಉದ್ರಿ ಪುಸ್ತಕ. ಹೊಲದಲ್ಲಿ ಮೆಕ್ಕೆಜೋಳ ಒಣಗುತ್ತಿರುವವನ ಕೈಯಲ್ಲಿ ರೊಕ್ಕ ಎಲ್ಲಿಂದ ಬರಬೇಕು? ಅವನು ಬೆಳೆ ಬಂದಾಗ ಕೊಡುತ್ತೇನೆಂದ, ನಾನು ಬರೆದುಕೊಂಡೆ. ಅವನಿಗೆ ಸುಳ್ಳು ಹೇಳುವ ಇರಾದೆ ಇರಲಿಲ್ಲ, ಆದರೆ ಬೆಳೆಯೇ ಬರಲಿಲ್ಲ.

ಈ ಹಂತದಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ಬಿಡಿಸಿ ಇಡುತ್ತೇನೆ, ಏಕೆಂದರೆ ನನ್ನಂಥ ಅಂಗಡಿಯವರಲ್ಲಿ ಬಹಳ ಮಂದಿ ಇದನ್ನು ಕಾಗದದ ಮೇಲೆ ಮಾಡಿ ನೋಡಿರುವುದಿಲ್ಲ. ಪಿ.ವಿ.ಸಿ. ಪೈಪಿಗೆ ಶೇಕಡಾ 18 ಜಿಎಸ್‌ಟಿ. ತೊಂಬತ್ತು ಸಾವಿರಕ್ಕೆ ತಂದ ಮಾಲನ್ನು ಒಂದು ಲಕ್ಷಕ್ಕೆ ಮಾರಿದೆನೆಂದು ಇಟ್ಟುಕೊಳ್ಳಿ. ತಂದಾಗ 16,200 ರೂಪಾಯಿ ತೆರಿಗೆ ಸೇರಿ 1,06,200 ರೂಪಾಯಿಯನ್ನು ನಾನು ತಯಾರಕರಿಗೆ ಕೊಡಬೇಕು. ಮಾರಿದಾಗ 18,000 ತೆರಿಗೆ ಸೇರಿ 1,18,000 ರೂಪಾಯಿಯ ಬಿಲ್ಲು. ಗಿರಾಕಿ ಒಂದು ಪೈಸೆ ಕೊಡದಿದ್ದರೂ, ಬಿಲ್ಲು ಹಾಕಿದ ಮರುತಿಂಗಳ 20ನೇ ತಾರೀಖಿಗೆ ತೆರಿಗೆಯ ವ್ಯತ್ಯಾಸವಾದ 1,800 ರೂಪಾಯಿಯನ್ನು ನಾನು ಕಟ್ಟಲೇಬೇಕು. ಅಲ್ಲಿಗೆ 1,08,000 ರೂಪಾಯಿ ನನ್ನ ಕೈಯಿಂದ ಹೊರಗೆ ಹೋಯಿತು, ಲಾಭ ಹತ್ತು ಸಾವಿರ ಎಂಬುದು ಪುಸ್ತಕದಲ್ಲಿ ಮಾತ್ರ ಉಳಿಯಿತು. ಆ ಹಣವನ್ನು ಬ್ಯಾಂಕಿನ ಓ.ಡಿ. ಖಾತೆಯಿಂದ, ಅಂದರೆ ಒಂದು ಮಿತಿಯವರೆಗೆ ಸಾಲ ಎತ್ತಬಹುದಾದ ಖಾತೆಯಿಂದ, ಎತ್ತಿದ್ದರೆ, ತಿಂಗಳಿಗೆ ನೂರಕ್ಕೊಂದು ರೂಪಾಯಿಯ ಬಡ್ಡಿಯಂತೆ 1,080 ರೂಪಾಯಿ ಕರಗುತ್ತ ಹೋಗುತ್ತದೆ. ಒಂಬತ್ತು ತಿಂಗಳು ದಾಟಿದರೆ ಲಾಭವೆಲ್ಲ ಖಾಲಿ. ಅಲ್ಲಿಂದಾಚೆಗೆ ನಾನು ಆ ಗಿರಾಕಿಗೆ ಪೈಪನ್ನೂ ಕೊಟ್ಟು, ಮೇಲೆ ಕೈಯಿಂದ ದುಡ್ಡನ್ನೂ ಕೊಟ್ಟ ಹಾಗೆ. ಮೆಕ್ಕೆಜೋಳ ಒಂದು ಸಲ ಕೈತಪ್ಪಿದರೆ ಮುಂದಿನ ರೊಕ್ಕ ಬರುವುದು ಹನ್ನೆರಡು ತಿಂಗಳಾದ ಮೇಲೆ. ಉದ್ರಿ ಪೂರ್ತಿ ಮುಳುಗಿಹೋದರೂ, ಅದರ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸು ಬರುವುದಿಲ್ಲವೆಂಬುದನ್ನೂ ಸೇರಿಸಿಕೊಳ್ಳಿ.

ಇದಕ್ಕೆ ಇನ್ನೊಂದು ಕುಣಿಕೆ ಅದೇ ವರ್ಷ ಬಿತ್ತು. ನಾನು ಪೈಪು ತರುವುದು ಒಂದು ಸಣ್ಣ ಕಾರ್ಖಾನೆಯಿಂದ. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ ಒಪ್ಪಂದವಿದ್ದರೂ 45 ದಿನದೊಳಗೆ, ಬರವಣಿಗೆಯ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂಬ ಕಾನೂನು 2006ರಿಂದಲೂ ಇತ್ತು. ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. 2023–24ರ ಲೆಕ್ಕದಿಂದ ಆದಾಯ ತೆರಿಗೆಯವರು ಅದಕ್ಕೆ ಹಲ್ಲು ಜೋಡಿಸಿದರು. ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು, ಅದನ್ನು ನಿಜವಾಗಿ ಕೊಡುವ ವರ್ಷದವರೆಗೆ, ಖರ್ಚೆಂದು ತೋರಿಸುವಂತಿಲ್ಲ. ಅಂದರೆ ಬರದ ಲಾಭ ಮೊದಲೇ ಕಾಗದದ ಮೇಲಿತ್ತು, ಈಗ ಕಾಗದದ ಮೇಲೆ ಅದು ಇನ್ನೂ ಊದಿಕೊಂಡಿತು, ಅದಕ್ಕೆ ತೆರಿಗೆಯೂ ಬಿತ್ತು. ಕಾನೂನು ನ್ಯಾಯವಾದದ್ದೇ, ಆ ಕಾರ್ಖಾನೆಯವನೂ ನನ್ನ ಹಾಗೆ ಸಂಬಳ ಕೊಡಬೇಕಾದವನು. ಆದರೆ ನನಗೆ ಕೊಡಬೇಕಾದವರ ವಾಯಿದೆ ಒಂದು ಬೆಳೆ, ನಾನು ಕೊಡಬೇಕಾದವರ ವಾಯಿದೆ ಒಂದೂವರೆ ತಿಂಗಳು. 2024ರ ಮಾರ್ಚಿನಲ್ಲಿ ಆಡಿಟರ್ ಕಚೇರಿಯಿಂದ ನಾನು ಎದ್ದು ಬಂದದ್ದು ನೇರವಾಗಿ ಮನೆಗೆ. ಮರುದಿನ ಮನೆಯಾಕೆಯ ಬಳೆಗಳು ಲಾಕರಿನಿಂದ ಗೋಲ್ಡ್ ಲೋನಿನ ಕೌಂಟರಿಗೆ ಹೋದವು. ಅವಳು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ದುರ್ಗಕ್ಕೆ ಹೋದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಮಗಳ ಶಾಲೆಯ ಪ್ರಾಜೆಕ್ಟಿನ ನೆಪದಿಂದ. ನಮ್ಮೂರಿನಿಂದ ಅರವತ್ತು ಕಿಲೋಮೀಟರ್ ದೂರದ ಆ ಕೋಟೆಯನ್ನು ನಾನು ನೋಡಿ ಹದಿನೈದು ವರ್ಷವಾಗಿತ್ತು. ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹೊಡೆದಿತ್ತು. ಬಂಡೆಗಳು ಇನ್ನೂ ಒದ್ದೆಯಾಗಿದ್ದವು, ಮದ್ದು ಬೀಸುವ ದೊಡ್ಡ ಕಲ್ಲುಗಳಿರುವ ಗುಂಡಿಯಲ್ಲಿ ನೀರು ನಿಂತಿತ್ತು. ದುರ್ಗ ಎಂದ ಕೂಡಲೇ ಎಲ್ಲರೂ ಒನಕೆ ಹಿಡಿಯುತ್ತಾರೆ. ವ್ಯಾಪಾರದ ಶಿಬಿರದಲ್ಲಿ ಒಬ್ಬರು ಓಬವ್ವನ ಕಿಂಡಿಯ ಚಿತ್ರ ತೋರಿಸಿ ಸಣ್ಣ ಸೋರಿಕೆಗಳ ಬಗ್ಗೆ ಭಾಷಣ ಮಾಡಿದ್ದು ನನಗೂ ನೆನಪಿದೆ. ಏಳು ಸುತ್ತಿನ ಗೋಡೆಗಳನ್ನು ಹಿಡಿದು ಪೈಪೋಟಿಯ ಮಾತನ್ನೂ ಆಡಬಹುದು. ನನಗೆ ಗೋಡೆಗಳಿಂದ ಏನೂ ಸಿಗಲಿಲ್ಲ. ನನ್ನ ಅಂಗಡಿಯ ಮೇಲೆ ಹೊರಗಿನಿಂದ ಯಾರೂ ದಂಡೆತ್ತಿ ಬಂದಿರಲಿಲ್ಲ, ನಾನೇ ಒಳಗಿನಿಂದ ಖಾಲಿಯಾಗಿದ್ದೆ.

ಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಒಬ್ಬ ಗೈಡು ಮಕ್ಕಳ ಗುಂಪಿಗೆ ವಿವರಿಸುತ್ತಿದ್ದರು. ನನ್ನ ಮಗಳು ನೋಟ್‌ಬುಕ್ ಹಿಡಿದು ಅವರ ಮಗ್ಗುಲಲ್ಲಿ ನಿಂತಳು, ನಾನು ಅವಳ ಬೆನ್ನಿಗೆ ನಿಂತೆ. ಈ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಕೆಳಗಿನ ಅಕ್ಕ–ತಂಗಿ ಹೊಂಡಕ್ಕೆ ಇಳಿಯುತ್ತದೆ, ಅದು ತುಂಬಿದರೆ ಕೋಟೆಯಿಂದ ಹೊರಗೆ ಊರೊಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಮಗಳು ಕೇಳಿದಳು: “ಅಂಕಲ್, ಮಳೆ ಕಮ್ಮಿ ಬಂದ್ರೆ ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಹಂಚಲ್ವಾ?” ಅವರು ನಕ್ಕರು. “ಇಲ್ಲಮ್ಮ. ಮೇಲಿಂದು ತುಂಬಿ ಕೋಡಿ ಬೀಳೋತನಕ ಕೆಳಗಿಂದಕ್ಕೆ ಇದ್ರದ್ದು ಒಂದು ಹನಿ ಇಲ್ಲ. ಹಂಚಿಬಿಟ್ರೆ ನಾಲ್ಕೂ ಬತ್ತತಾವೆ.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎರಡು ವರ್ಷಗಳಿಂದ ನಾನು ಮಾಡಿದ್ದು ಸರಿಯಾಗಿ ಅದನ್ನೇ. ಬಂದ ರೊಕ್ಕವನ್ನು ಯಾರು ಹೆಚ್ಚು ಗಲಾಟೆ ಮಾಡುತ್ತಾರೋ ಅವರಿಗೆ ಸ್ವಲ್ಪ ಸ್ವಲ್ಪ ಹಂಚಿದ್ದೆ: ತಯಾರಕರಿಗೆ ಅರ್ಧ, ಬಾಡಿಗೆಗೆ ಕಾಲು, ಯಾವುದೋ ಸ್ಕೀಮಿನ ಆಸೆಗೆ ಹೊಸ ಸ್ಟಾಕಿಗೆ ಒಂದಿಷ್ಟು, ಉಳಿದದ್ದೆಲ್ಲ ಉದ್ರಿಯಾಗಿ ಹೊರಗೆ. ನಾಲ್ಕೂ ಹೊಂಡದ ತಳ ಕಾಣುತ್ತಿತ್ತು.

ಆ ದಿನ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಚಿತ್ರದುರ್ಗ ಮಳೆಯ ಊರಲ್ಲ; ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಬಿದ್ದರೆ ಅದೇ ಪುಣ್ಯ. ಅಷ್ಟರಲ್ಲಿ ಒಂದು ಕೋಟೆಯ ದಂಡು, ಕುದುರೆ, ಆನೆ, ಸಂಸಾರಗಳು ಬದುಕಿದ್ದು ಬೋಳು ಬಂಡೆಯ ದೆಸೆಯಿಂದ. ಮಣ್ಣಿನ ಹೊಲದ ಮೇಲೆ ಸಣ್ಣ ಮಳೆ ಬಿದ್ದರೆ ಮಣ್ಣೇ ಕುಡಿದುಬಿಡುತ್ತದೆ, ಕೆರೆಗೆ ಹನಿಯೂ ಸೇರುವುದಿಲ್ಲ. ಬಂಡೆಯ ಮೇಲೆ ಹತ್ತು ನಿಮಿಷದ ಮಳೆಯೂ ಇಳಿದು ಹೊಂಡ ಸೇರುತ್ತದೆ. ನಾಯಕರ ಕಾಲದವರು ಬಂಡೆಯ ಇಳಿಜಾರನ್ನು ನೋಡಿ ಹೊಂಡದ ಜಾಗ ಹಿಡಿದಿದ್ದಾರೆ. ಸಂಜೆ ಚಂದ್ರವಳ್ಳಿಗೆ ಇಳಿದು, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲಿನ ಮಯೂರಶರ್ಮನ ಶಾಸನ ನೋಡಿದೆವು. ಪಲ್ಲವರು, ತ್ರೈಕೂಟಕರು, ಆಭೀರರು ಎಂದು ಗೆದ್ದವರ ಪಟ್ಟಿಯೇ ಅದರಲ್ಲಿದೆ. ಆದರೂ ಕದಂಬರ ಆ ದೊರೆ ಅಲ್ಲಿ ಕೆತ್ತಿಸಲು ಕಾರಣ ಒಂದು ಕೆರೆ ಕಟ್ಟಿಸಿದ್ದು. ನಾಯಕರಿಗಿಂತ ಸಾವಿರ ವರ್ಷ ಹಿಂದೆಯೂ ಈ ನೆಲದ ಚಿಂತೆ ಅದೇ ಇತ್ತು.

ಊರಿಗೆ ಬಂದು ನಾನು ಮಾಡಿದ್ದು ಇಷ್ಟೆ. ಬ್ಯಾಂಕಿನಲ್ಲಿ ಒಂದಿದ್ದ ಕರೆಂಟ್ ಖಾತೆಯ ಪಕ್ಕಕ್ಕೆ ಇನ್ನೆರಡು ತೆರೆದೆ, ಮತ್ತು ದಿನದ ಗಲ್ಲಾ ರೊಕ್ಕ ಇಳಿಯುವ ಕ್ರಮವನ್ನು ಗಟ್ಟಿ ಮಾಡಿಕೊಂಡೆ. ಮೇಲಿನ ಹೊಂಡ ತಯಾರಕರ ಬಾಕಿ ಮತ್ತು ತೆರಿಗೆಯದು. ಮುಂದಿನ 45 ದಿನದಲ್ಲಿ ಕೊಡಬೇಕಾದ್ದು ಅಲ್ಲಿ ತುಂಬುವ ತನಕ ಕೆಳಗಿನದಕ್ಕೆ ಏನೂ ಇಲ್ಲ. ಅದರ ಕೋಡಿಯಿಂದ ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು, ಮನೆಯ ಖರ್ಚು. ಮನೆಯ ಖರ್ಚು ಎಂದು ಬರೆದದ್ದನ್ನು ಗಮನಿಸಬೇಕು. ಅಲ್ಲಿಯವರೆಗೆ ಅದು ಗಲ್ಲಾಪೆಟ್ಟಿಗೆಯಿಂದ ಕೈಗೆ ಸಿಕ್ಕಷ್ಟು ಎತ್ತುವ ಬಾಬ್ತಾಗಿತ್ತು. ಮೂರನೆಯದು ಸ್ಟಾಕು. ನಾಲ್ಕನೆಯದು, ಸಂತೆ ಹೊಂಡ, ಉದ್ರಿ. ಹೆಸರೂ ಹೊಂದಿಕೊಂಡಿತು, ಉದ್ರಿಯೆಂಬುದು ಸಂತೆಗೆ ಬಂದವರೆಲ್ಲ ಕೈಯದ್ದುವ ನೀರು. ಮೂರೂ ತುಂಬಿ ಹರಿದದ್ದು ಎಷ್ಟೋ, ಆ ತಿಂಗಳು ಹೊಸ ಉದ್ರಿ ಅಷ್ಟೇ. ಆ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಡ್ರಾಯರಿನ ಒಳಬದಿಗೆ ಅಂಟಿಸುತ್ತೇನೆ. ಮೊದಲು ಉದ್ರಿಯನ್ನು ತೀರ್ಮಾನಿಸುತ್ತಿದ್ದದ್ದು ಎದುರಿಗೆ ನಿಂತವರ ಮುಖ, ಈಗ ಆ ಚೀಟಿ.

ಬಂಡೆಯ ಪಾಠ ಇದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಮೋಟಾರು, ಕೇಸಿಂಗ್ ಪೈಪು, ಕೇಬಲ್ಲುಗಳ ದೊಡ್ಡ ಮಳೆ ಬೀಳುವುದೆಲ್ಲ ಹೊಲದ ಮೇಲೆ, ಅಂದರೆ ಉದ್ರಿ ಅದನ್ನು ಕುಡಿಯುತ್ತದೆ. ಹಾಗಾದರೆ ನನ್ನ ಬೋಳು ಬಂಡೆ ಯಾವುದು? ಒಂದು ತಿಂಗಳ ಬಿಲ್ಲುಗಳನ್ನು ಹರವಿಕೊಂಡು ಕೂತಾಗ ಉತ್ತರ ಸಿಕ್ಕಿತು. ಎಲ್ಬೋ, ಟೀ, ಎಂಡ್ ಕ್ಯಾಪು, ಗಮ್ಮಿನ ಡಬ್ಬಿ, ಟೆಫ್ಲಾನ್ ಟೇಪು, ಬಾಲ್ ವಾಲ್ವು, ನಲ್ಲಿ, ವಾಷರು. ಮೂವತ್ತು ರೂಪಾಯಿಯ ಟೇಪಿಗೆ ಯಾರೂ ಉದ್ರಿ ಕೇಳುವುದಿಲ್ಲ. ಅದರಲ್ಲಿ ಸಿಗುವ ಲಾಭದ ಅಂಚು ಪೈಪಿಗಿಂತ ಎಷ್ಟೋ ಪಾಲು ಹೆಚ್ಚು, ಮತ್ತು ಅದನ್ನು ಒಯ್ಯುವವರು ಊರೊಳಗಿನ ಪ್ಲಂಬರುಗಳು, ರೈತರಲ್ಲ. ಆದರೆ ನನ್ನ ಅಂಗಡಿಯಲ್ಲಿ ಆ ಸಾಮಾನು ಹಿಂದಿನ ಕೋಣೆಯ ಗೋಣಿಚೀಲಗಳಲ್ಲಿತ್ತು. ಪ್ಲಂಬರು ಬಂದರೆ ಹುಡುಗ ಹುಡುಕಿ ತರುವಷ್ಟರಲ್ಲಿ ಅವನು ಎದುರಿನ ಅಂಗಡಿಗೆ ನಡೆದಿರುತ್ತಿದ್ದ. ಅದನ್ನೆಲ್ಲ ಅಳತೆವಾರು ಡಬ್ಬಗಳಲ್ಲಿ ಮುಂದಿನ ಗೋಡೆಗೆ ತಂದೆವು. ಬೆಳಗ್ಗೆ ಒಂಬತ್ತೂವರೆಗೆ ತೆರೆಯುತ್ತಿದ್ದ ಶಟರು ಎಂಟಕ್ಕೆ ಏಳತೊಡಗಿತು, ಏಕೆಂದರೆ ಪ್ಲಂಬರು ಕೆಲಸಕ್ಕೆ ಹೊರಡುವುದು ಆಗ. ಗೆಳೆಯರೊಬ್ಬರು ಬಂದು, “ಏನ್ರೀ, ಸಗಟು ವ್ಯಾಪಾರದೋರು ವಾಷರ್ ಮಾರಕ್ ಕೂತಿದೀರಲ್ಲ” ಎಂದರು. ಆ ವಾಷರಿನ ರೊಕ್ಕದಿಂದಲೇ ಮೇಲಿನ ಹೊಂಡ ಪ್ರತಿ ತಿಂಗಳೂ ತುಂಬುತ್ತಿದೆ ಎಂಬುದನ್ನು ಅವರಿಗೆ ವಿವರಿಸಲು ಹೋಗಲಿಲ್ಲ.

ಹೊಂಡದ ಹೂಳಿನ ಹಾಗೆ ಅಂಗಡಿಯಲ್ಲಿ ಕೂತುಬಿಟ್ಟಿದ್ದ ಮಾಲಿನ ಮಾತು ಚಿಕ್ಕದು. ಪಿ.ವಿ.ಸಿ. ಬಂದ ಮೇಲೆ ಯಾರೂ ಕೇಳದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಫಿಟಿಂಗ್ಸ್ ತಂದೆಯವರ ಕಾಲದಿಂದ ಮೂರು ರ‍್ಯಾಕು ತುಂಬಿದ್ದವು. ಎಂದಾದರೂ ಬೇಡಿಕೆ ಬರುತ್ತದೆಂಬ ನಂಬಿಕೆಗಿಂತ, ಮಾರಿದರೆ ತಂದೆಗೆ ಅವಮಾನವೆಂಬ ಭಾವ ಹೆಚ್ಚಿತ್ತು. ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಆ ರ‍್ಯಾಕುಗಳಲ್ಲೇ ಈಗ ವಾಲ್ವುಗಳಿವೆ.

ಈ ನಡುವೆ ಬ್ಯಾಂಕಿನವರು ಓ.ಡಿ. ಮಿತಿಯನ್ನು ಹದಿನೈದು ಲಕ್ಷದಿಂದ ನಲವತ್ತಕ್ಕೆ ಏರಿಸಿಕೊಡುತ್ತೇವೆಂದು ಬಂದರು. ಕಾಗದ ತಂದ ಹುಡುಗ ಹಿರಿಯೂರಿನವನು. ನಾನು ಅವನಿಗೆ ಅವನೂರಿನ ವಾಣಿವಿಲಾಸ ಸಾಗರವನ್ನೇ ನೆನಪಿಸಿದೆ. 1907ರಲ್ಲಿ ಕಟ್ಟಿ ಮುಗಿದ, ಮೂವತ್ತು ಟಿಎಂಸಿ ಹಿಡಿಯುವ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಣೆಕಟ್ಟಿಗಾದರೆ ಕಾಯುವ ವ್ಯವಧಾನವಿದೆ, ತುಂಬದಿದ್ದರೂ ಅದು ತೋಟಗಳಿಗೆ ನೀರು ಕೊಟ್ಟಿತು. ಓ.ಡಿ. ಖಾತೆಗೆ ತಿಂಗಳ ಕೊನೆಗೆ ಬಡ್ಡಿ ಬೀಳುತ್ತದೆ. ಹುಡುಗ ನಕ್ಕು ಚಹಾ ಕುಡಿದು ಹೋದ.

ಇಷ್ಟು ಬರೆದ ಮೇಲೆ, ನನ್ನ ಈ ಹೊಂಡದ ಶಾಸ್ತ್ರಕ್ಕೆ ಬಿದ್ದ ಪೆಟ್ಟನ್ನೂ ಬರೆಯಬೇಕು. ಕೋಟೆಯ ಹೊಂಡಗಳು ಎಷ್ಟೇ ಒಳ್ಳೆಯವಿದ್ದರೂ 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಹೋಯಿತು ಎಂಬುದು ನನಗೆ ಗೊತ್ತಿತ್ತು. ಅದು ನನ್ನನ್ನು ಅಷ್ಟು ಕಾಡಿರಲಿಲ್ಲ. ಕಾಡಿದ್ದು ಜಗಳೂರು ಕಡೆಯ ಒಬ್ಬ ಹಿರಿಯ ರೈತರ ಮಾತು. ಹಳೆಯ ಬಾಕಿಯನ್ನು ಎರಡು ಕಂತಿನಲ್ಲಿ ತೀರಿಸಿದ್ದವರು ಅವರು. ಈ ವರ್ಷದ ಏಪ್ರಿಲ್ಲಿನಲ್ಲಿ ಬಂದು ಹತ್ತು ಪೈಪು ಕೇಳಿದರು. ಮೋಟಾರನ್ನು ನೂರಡಿ ಕೆಳಗಿಳಿಸದಿದ್ದರೆ ಅಡಿಕೆ ಸಸಿ ಉಳಿಯುವುದಿಲ್ಲವೆಂದರು. ನಾನು ಡ್ರಾಯರ್ ಎಳೆದು ಚೀಟಿ ನೋಡಿದೆ. ಆ ತಿಂಗಳ ಉದ್ರಿ ಮುಗಿದಿತ್ತು.

“ಈ ತಿಂಗಳು ಆಗಲ್ಲ ಯಜಮಾನ್ರೆ, ಮೂರನೇ ಹೊಂಡ ಇನ್ನೂ ತುಂಬಿಲ್ಲ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೂರಿಸಿ, ಚಹಾ ತರಿಸಿ, ಗೋಪಾಲಸ್ವಾಮಿ ಹೊಂಡದಿಂದ ಸಂತೆ ಹೊಂಡದ ತನಕ ಎಲ್ಲವನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿ, ಲೋಟ ಕೆಳಗಿಟ್ಟು ಹೇಳಿದರು: “ಲೆಕ್ಕ ಚಲೋ ಐತೆ ಸಾವ್ಕಾರ್ರೆ. ಆದ್ರೆ ಕೆರೆ ಕೋಡಿ ಬಿದ್ದಾಗ ನೀರು ಕೇಳಕ್ಕೆ ಯಾರ್ ಬರ್ತಾರೆ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಮೂರು ಹೊಂಡ ತುಂಬಿ ನಾನು ಧಾರಾಳವಾಗಿ ಉದ್ರಿ ಕೊಡಬಲ್ಲ ತಿಂಗಳುಗಳಲ್ಲಿ ರೈತನ ಕೈಯಲ್ಲೂ ರೊಕ್ಕವಿರುತ್ತದೆ. ಅವನಿಗೆ ಬೇಕಾದಾಗ ನನ್ನದು ಬತ್ತಿರುತ್ತದೆ. ಶುದ್ಧ ಲೆಕ್ಕದ ಅಂಗಡಿಯವನು ಇದನ್ನು ಅವನ ಪಾಡೆಂದು ಬಿಡಬಹುದು, ಆದರೆ ಆ ಗಿರಾಕಿಯ ಸಸಿ ಒಣಗಿದರೆ ನನಗೆ ಇನ್ನು ಹತ್ತು ವರ್ಷದ ವ್ಯಾಪಾರ ಒಣಗುತ್ತದೆ.

ಆ ರಾತ್ರಿ ಮಗಳ ಹಳೆಯ ಪ್ರಾಜೆಕ್ಟ್ ಪುಸ್ತಕ ತೆಗೆದು ನೋಡಿದೆ. ನಾಲ್ಕು ಹೊಂಡಗಳ ಚಿತ್ರದ ಅಂಚಿನಲ್ಲಿ, ಓಬವ್ವನ ಕಿಂಡಿಯ ಹತ್ತಿರ, ಅವಳೊಂದು ಸಣ್ಣ ನೀಲಿ ಚುಕ್ಕೆ ಹಾಕಿ ‘ತಣ್ಣೀರು ದೋಣಿ’ ಎಂದು ಬರೆದಿದ್ದಳು. ಗಂಡನ ಊಟದ ಹೊತ್ತಿನಲ್ಲಿ ಓಬವ್ವ ನೀರು ತರಲು ಹೋದಳೆಂದು ಹೇಳುವ ಜಾಗ. ಬೇಸಿಗೆಯಲ್ಲೂ ಬತ್ತುವುದಿಲ್ಲವೆಂದು ಗೈಡುಗಳು ತೋರಿಸುವ ಆ ಬಂಡೆಯ ಸಂದು ಯಾವ ಹೊಂಡದ ಕೋಡಿಯನ್ನೂ ಕಾಯುತ್ತ ಕೂತಿಲ್ಲ.

ಈಗ ದಿನದ ವಾಷರ್, ಟೇಪಿನ ರೊಕ್ಕದಲ್ಲಿ ಇನ್ನೂರು ರೂಪಾಯಿಯನ್ನು ಹೊಂಡಗಳ ಲೆಕ್ಕಕ್ಕೆ ಸೇರಿಸದೆ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ. ಫೆಬ್ರವರಿ ಕೊನೆಯವರೆಗೆ ಅದನ್ನು ಮುಟ್ಟುವಂತಿಲ್ಲ. ಮಾರ್ಚಿನಿಂದ ಮೇ ತನಕ, ಹಳೆಯ ಬಾಕಿ ತೀರಿಸಿದವರಿಗೆ ಮಾತ್ರ, ಒಬ್ಬರಿಗೆ ಹತ್ತು ಪೈಪು ಮೀರದಂತೆ ಅದರಿಂದ ಉದ್ರಿ. ಜಗಳೂರಿನ ಯಜಮಾನರಿಗೆ ಆ ದಿನ ಪೈಪು ಕೊಟ್ಟದ್ದು ಡಬ್ಬಿ ಇನ್ನೂ ಹುಟ್ಟುವ ಮೊದಲು, ಮನೆಯ ಖರ್ಚಿನ ಹೊಂಡದಿಂದ, ಅದನ್ನು ಮನೆಯಾಕೆಗೆ ಹೇಳಿದಾಗ, ಅವಳು ಬಿಡಿಸಿಕೊಂಡು ಬಂದಿದ್ದ ಬಳೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡು, “ಹತ್ತೇ ತಾನೆ?” ಎಂದು ಕೇಳಿದಳು.